ಮೂವರು ಕೂತರೆ ಪಂಗತಿ

ಬೆಳಗಾವಿಯ ಖಾಸಬಾಗದಲ್ಲಿ ನನ್ನದೊಂದು ಅಂಗಡಿ ಇದೆ. ಹಳೆಯ ಕಂಪ್ಯೂಟರು, ಸರ್ವರು, ಡಿಸ್ಕು ಮಾರುತ್ತೇನೆ. ಹೊಸದಾಗಿ ಬಂದ ಗಿರಾಕಿ ಮೊದಲು ಬೆರಳು ತೋರಿಸುವುದು ಯಂತ್ರಗಳ ಹಣೆಯ ಮೇಲಿನ ಬಿಳಿ ಚೀಟಿಗಳ ಕಡೆಗೆ. ಒಂದರ ಮೇಲೆ 'ಪುಣೆಯ ಆಫೀಸಿನಲ್ಲಿ ಮೂರು ವರ್ಷ, ತಂಪು ಕೋಣೆ' ಎಂದಿರುತ್ತದೆ. ಇನ್ನೊಂದರ ಮೇಲೆ 'ಕ್ಯಾಮೆರಾ ರೆಕಾರ್ಡಿಂಗಿಗೆ ಐದು ವರ್ಷ, ಒಂದು ದಿನವೂ ನಿಂತಿಲ್ಲ, ದಣಿದಿದೆ' ಎಂದಿರುತ್ತದೆ. ಬಾಜೂ ಅಂಗಡಿಯ ಮೊಬೈಲ್ ರಿಪೇರಿಯವನು ದಿನಾ ಒಂದು ಸಲವಾದರೂ ಚುಚ್ಚುತ್ತಾನೆ: "ಮಾವಾ, ನೀ ಮಾಲು ಮಾರಾಕ ಕುಂತೀಯೋ, ಜಾತಕ ಬರಿಯಾಕ ಕುಂತೀಯೋ?"

ಈ ಚೀಟಿಯ ರೂಢಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಹಚ್ಚಿಸಿದವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ, ಅವರು ದುಡಿಯುತ್ತಿದ್ದ ಆಸ್ಪತ್ರೆಯವರು ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಅವರ ಹೆಸರಿನ ಪಟ್ಟಿ ಹಚ್ಚಲು ಹೊರಟಾಗ, "ಬಾಗಿಲಿಗೆ ಹೆಸರು ಯಾಕ್ರಿ, ಕೀಲಿ ಇದ್ರ ಸಾಕು" ಎಂದು ಬಿಡಿಸಿದ್ದರು. ಎಲ್ಲರೂ 'ಸರ' ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಸರ ಖಾನಾಪುರದ ಜೈನ ಮನೆತನದವರು. ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ನಕ್ಷೆಗಳ ವಿಭಾಗ ನೋಡಿಕೊಂಡಿದ್ದರು. ಮೊದಲು ಕಾಗದದ ನಕ್ಷೆ, ಆಮೇಲೆ ಕಂಪ್ಯೂಟರಿನ ನಕ್ಷೆ. ಕಾಗದವನ್ನು ಇಲಿಯಿಂದ, ಫೈಲನ್ನು ಕೆಟ್ಟ ಡಿಸ್ಕಿನಿಂದ ಕಾಯುವ ಕೆಲಸ. ನಿವೃತ್ತರಾದ ಮೇಲೆ ಖಾನಾಪುರದ ಒಂದು ಟ್ರಸ್ಟ್ ಆಸ್ಪತ್ರೆಯವರು ಕರೆದು, ಎಕ್ಸ್‌ರೇ ಮತ್ತು ಸ್ಕ್ಯಾನ್ ಚಿತ್ರಗಳನ್ನೆಲ್ಲ ಉಳಿಸಿಡುವ ಸರ್ವರುಗಳನ್ನು ಅವರ ಕೈಗೆ ಒಪ್ಪಿಸಿದರು. ಸಂಬಳ ಏನು ಎಂದು ನಾನು ಒಮ್ಮೆ ಕೇಳಿದ್ದೆ. ಕೇಳುವುದು ನನ್ನ ಚಟ. "ಮಧ್ಯಾಹ್ನದ ಚಹಾ ಎರಡು" ಎಂದಿದ್ದರು. ಅದು ಚೇಷ್ಟೆಯೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಾನು ಮೊದಲ ಸಲ ಅವರನ್ನು ನೋಡಿದ್ದು ಅಂಗಡಿಯಲ್ಲಿ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ಸಣಕಲು ಮನುಷ್ಯ. ಬಂದವರೇ, "ಮೂರು ನೋಡ್ ಬೇಕಾಗಿದ್ವು" ಎಂದರು.

"ಮೂರು ಯಾಕ್ರಿ, ಮೂವತ್ತು ನೋಡ್ರಿ. ನೋಡಾಕ ರೊಕ್ಕಿಲ್ಲ" ಎಂದೆ ನಾನು.

ಅವರು ಬಹಳ ಹೊತ್ತು ನಕ್ಕರು. ನನಗೆ ನಗುವಿನ ಕಾರಣ ತಿಳಿಯಲಿಲ್ಲ. ಸರ್ವರುಗಳನ್ನು ಒಂದಕ್ಕೊಂದು ಜೋಡಿಸಿ ಒಂದೇ ದೊಡ್ಡ ಉಗ್ರಾಣದ ಹಾಗೆ ಕೆಲಸ ಮಾಡಿಸುವಾಗ, ಗುಂಪಿನ ಒಂದೊಂದು ಯಂತ್ರವನ್ನೂ ಆ ವಿದ್ಯೆಯವರು ನೋಡ್ ಎನ್ನುತ್ತಾರಂತೆ. ಯಂತ್ರವನ್ನು ಹನ್ನೆರಡು ವರ್ಷ ಮಾರಿದವನಿಗೆ ಆ ಶಬ್ದ ಗೊತ್ತಿರಲಿಲ್ಲ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಗುಜರಿಯಲ್ಲಿ ತೂಕಕ್ಕೆ ಬಂದ ಕಂಪ್ಯೂಟರನ್ನು ಬಿಚ್ಚಿ ಬಿಚ್ಚಿ ಕಲಿತವನು. ಯಂತ್ರದ ತೂಕ ಗೊತ್ತು, ತಾಮ್ರ ಎಷ್ಟಿದೆ ಗೊತ್ತು, ಗಿರಾಕಿಯ ಅವಸರ ಎಷ್ಟಿದೆ ಎಂಬುದೂ ಗೊತ್ತಾಗುತ್ತದೆ. ಅವರ ಮುಖದಲ್ಲಿ ಅವಸರವೇ ಇರಲಿಲ್ಲ. ಅಂಥ ಗಿರಾಕಿಯ ಜೊತೆ ಚೌಕಾಸಿ ಮಾಡುವುದು ಕಷ್ಟ, ತಿಳಿದಿರಲಿ.

"ನನ್ನ ಕಡೆ ಏಳು ನಮೂನಿ ಅದಾವು, ಒಂದೊಂದು ಒಂದೊಂಥರ. ಮೂರು ಆರಿಸ್ಕೊಳ್ರಿ, ಸಸ್ತಾ ಹಾಕಿ ಕೊಡ್ತೀನಿ" ಎಂದೆ.

"ಒಂದ ಥರದ್ದು ಮೂರು ಅದಾವೇನ್ರಿ?"

"ಒಂದ ಥರದ್ದು ಯಾಕ? ಎಲ್ಲಾದ್ರ ಹೊಟ್ಟ್ಯಾಗೂ ಡಿಸ್ಕ ಇರೂದು."

ಅವರು ನನ್ನ ಸ್ಟೂಲಿನ ಮೇಲೆ ಕೂತರು. ಆವತ್ತು ಅವರು ಹೇಳಿದ್ದನ್ನು ನಾನು ಆಮೇಲೆ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

"ನೀವು ಪಂಗತ್ಯಾಗ ಉಂಡೀರಿ ಹೌದಿಲ್ಲೋ? ಎಲ್ಲಾರ್ಗೂ ನೀಡಿದ ಮ್ಯಾಲೆ ಕೈ ಹಚ್ಚೂದು, ಎಲ್ಲಾರದೂ ಮುಗಿದ ಮ್ಯಾಲೆ ಏಳೂದು. ಬಾಜೂದವ ಎಷ್ಟ ಗಡಾನ ಉಂಡ್ರೂ ಕಡೀಗೆ ಕುಂತ ಮುದುಕಪ್ಪನ ಸಲುವಾಗಿ ಕಾಯಬೇಕು. ಈ ಮಷೀನ್ ಗುಂಪೂ ಹಂಗ. ಒಂದು ಎಕ್ಸ್‌ರೇ ಬಂತಂದ್ರ ತುಂಡು ಮಾಡಿ ಎಲ್ಲಾರಿಗೂ ನೀಡ್ತೈತಿ. ಎಲ್ಲಾರೂ ನುಂಗಿದ್ರ ಮಾತ್ರ ಆತು ಅಂತೈತಿ. ಪೈಲವಾನ್ರ ನಡುವ ಒಬ್ಬ ಹಲ್ಲಿಲ್ಲದವನ್ನ ಕುಂದರ್ಸಿದ್ರ ಪೈಲವಾನ್ರೆಲ್ಲಾ ಕೈ ಒಣಗಿಸ್ಕೊಂತ ಕುಂದರಬೇಕು."

"ಹಂಗಾದ್ರ ಹಲ್ಲಿಲ್ಲದವ್ರು ಉಪಾಸ ಇರಬೇಕೇನ್ರಿ?"

"ಅವ್ರಿಗೂ ಪಂಗತಿ ಐತಿ. ಬ್ಯಾರೆ ಪಂಗತಿ. ಸಾವಕಾಶ ಉಣ್ಣಾವ್ರು ಒಂದ ಸಾಲಿನ್ಯಾಗ ಕುಂತ್ರ ಯಾರ್ಗೂ ತ್ರಾಸಿಲ್ಲ. ಆದ್ರ ಕಡಿಮಿ ಅಂದ್ರ ಮೂರು ಮಂದಿ ಬೇಕು. ಮೂರಿಲ್ದ ಪಂಗತಿ ಹಾಕಂಗಿಲ್ಲ ಅದು."

ವಿಷಯ ಇಷ್ಟು. ಆಸ್ಪತ್ರೆಯಲ್ಲಿ ಆಗಲೇ ಮೂರು ಚುರುಕಾದ ಸರ್ವರುಗಳಿದ್ದವು, ಅವು ತುಂಬಿಹೋಗಿದ್ದವು. ಅಂಥವೇ ಹೊಸವನ್ನು ಕೊಳ್ಳಲು ಟ್ರಸ್ಟಿನವರಿಗೆ ಆಗುತ್ತಿರಲಿಲ್ಲ. ಈ ವರ್ಷದ ಚಿತ್ರಗಳು ಚುರುಕಿನವುಗಳಲ್ಲಿ ಇರಲಿ, ಹಳೆಯ ವರ್ಷದವು ನಿಧಾನದ, ಹೊಟ್ಟೆ ದೊಡ್ಡದಿರುವ ಅಗ್ಗದ ಯಂತ್ರಗಳಿಗೆ ಹೋಗಲಿ ಎಂಬುದು ಸರರ ಯೋಜನೆ. ವೈದ್ಯರು ಕೇಳಿದಾಗ ಎರಡೂ ಒಂದೇ ಪೆಟ್ಟಿಗೆಯಿಂದ ಬಂದ ಹಾಗೆ ಕಾಣಬೇಕು. ಬೇರೆ ಬೇರೆ ಜಾತಿಯ ಯಂತ್ರಗಳು, ಒಂದೇ ಮನೆ, ಎರಡು ಪಂಗತಿ.

ಅವರ ಸ್ವಭಾವದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಯಂತ್ರದ ಬೆನ್ನಿಗೆ ಅಂಗೈ ಇಡುತ್ತಿರಲಿಲ್ಲ. ಕೂಸಿಗೆ ಜ್ವರ ನೋಡುವವರಂತೆ ಕೈಯ ಹಿಂಬದಿ ತಾಗಿಸುತ್ತಿದ್ದರು. ಕನ್ನಡ ಮಾತಾಡುತ್ತಲೇ ಡಿಸ್ಕುಗಳನ್ನು ಮಾತ್ರ ಮರಾಠಿಯಲ್ಲಿ ಎಣಿಸುತ್ತಿದ್ದರು. "ಎಣಿಕಿ ಕಲಿಸಿದಾಕಿ ನಮ್ಮ ಆಯಿ, ಆಕಿ ಮರಾಠಿ ಸಾಲ್ಯಾಗ ಓದಿದ್ಳು. ಕನ್ನಡದಾಗ ಎಣಿಸಿದ್ರ ನನಗ ನಡುವ ತಪ್ಪತೈತಿ" ಎನ್ನುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಉಣ್ಣುವ ನೇಮದವರಾದ್ದರಿಂದ ಸಂಜೆ ಐದರ ಬಸ್ಸಿಗೆ ಏನೇ ಕೆಟ್ಟಿದ್ದರೂ ಎದ್ದುಬಿಡುತ್ತಿದ್ದರು. ಹರೆಯದಲ್ಲಿ ಸೈಕಲ್ಲಿನಿಂದ ಬಿದ್ದು ದವಡೆ ಮುರಿದುಕೊಂಡಿದ್ದರಂತೆ. ಒಂದೇ ಬದಿಯಲ್ಲಿ ಅಗಿಯಬೇಕು. ನಾನು ನಾಲ್ಕು ರೊಟ್ಟಿ ಮುಗಿಸುವಷ್ಟರಲ್ಲಿ ಅವರದು ಅರ್ಧ ರೊಟ್ಟಿ. ಪಂಗತಿಯ ಮಾತು ಅವರ ಬಾಯಿಗೆ ಎಲ್ಲಿಂದ ಬಂತು ಎಂಬುದು ಅದನ್ನು ನೋಡಿದ ಮೇಲೆ ನನಗೆ ಹೊಳೆಯಿತು. ಯಾವ ಲಗ್ನಕ್ಕೆ ಹೋದರೂ ಅವರು ಕಡೇ ಪಂಗತಿಗೇ ಕೂರುತ್ತಿದ್ದರು, ಮುದುಕರ ಜೊತೆ. ತಮ್ಮಿಂದ ಇನ್ನೊಬ್ಬರ ಕೈ ಒಣಗಬಾರದು ಎಂದು.

ಇನ್ನೊಂದು ಅಭ್ಯಾಸವಿತ್ತು. ನೀವು ಏನಾದರೂ ಹೇಳಿದರೆ, "ಖರೇ ಏನ್ರಿ?" ಎಂದು ಒಂದು ಸಲ ಕೇಳುತ್ತಿದ್ದರು. ಹೌದು ಎಂದರೆ ಮುಗಿಯಿತು. ಎರಡನೇ ಸಲ ಕೇಳುತ್ತಿರಲಿಲ್ಲ. ನನ್ನಂಥ ವ್ಯಾಪಾರಿಗೆ ಇದು ಮೊದಲು ಹಬ್ಬದ ಹಾಗೆ ಕಂಡಿತು.

ಒಂದೇ ಥರದ ಮೂರು ನನ್ನ ಹತ್ತಿರ ಇರಲಿಲ್ಲ. ಎರಡಿದ್ದವು. ಮೂರನೆಯದು ಅದೇ ಕಂಪನಿಯದು, ಅದೇ ಅಳತೆಯ ಪೆಟ್ಟಿಗೆ, ಆದರೆ ಒಂದು ಪೀಳಿಗೆ ಹಿಂದಿನದು. ಎದುರಿನ ಜಾಳಿಗೆಯನ್ನು, ಅಂದರೆ ಮುಖದ ಜಾಲರಿಯನ್ನು, ಕಿತ್ತು ಬೇರೆ ಹಾಕಿದರೆ ಮೂರೂ ತ್ರಿವಳಿ. ಹಾಕಿದೆ. ಆ ಮೂರನೆಯದರ ಒಳಗಿನ ಡಿಸ್ಕುಗಳ ವಿಷಯ ಅದಕ್ಕಿಂತ ಕೆಟ್ಟದ್ದು. ಅವು ಒಂದು ಗೋದಾಮಿನ ಕ್ಯಾಮೆರಾ ರೆಕಾರ್ಡಿಂಗಿನಲ್ಲಿ ಐದು ವರ್ಷ ಎಡೆಬಿಡದೆ ತಿರುಗಿದ್ದವು. ಪ್ರತಿ ಡಿಸ್ಕಿನ ಒಳಗೂ ಎಷ್ಟು ತಾಸು ಓಡಿದೆ ಎಂಬ ಎಣಿಕೆ ಇರುತ್ತದೆ. ಹಳೇ ಕಾರಿನ ಮೀಟರು ಹಿಂದೆ ತಿರುಗಿಸುವ ಹಾಗೆ ಅದನ್ನೂ ತಗ್ಗಿಸಿ ಕೊಡುವವರು ಪೇಟೆಯಲ್ಲಿದ್ದಾರೆ. ತಗ್ಗಿಸಿಕೊಂಡೆ. ನೀವು ಹಳೇ ಡಿಸ್ಕು ಕೊಳ್ಳುವವರಾದರೆ ಈ ಮಾತು ನೆನಪಿರಲಿ: ಎಣಿಕೆ ತೀರಾ ಕಡಿಮೆ ಇದ್ದು, ತುದಿಯ ತಿರುಪುಗಳ ತಲೆ ಸವೆದಿದ್ದರೆ, ಕೊಡುವವನ ಮುಖ ನೋಡಬೇಡಿ, ಎದ್ದು ಬನ್ನಿ.

ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನ ಕಡೆಯ ಕುರಿ ಕಾಯುವ ಮನೆತನ ನಮ್ಮದು. ಸಂತೆಯಲ್ಲಿ ಕುರಿಯ ತುಟಿ ಎತ್ತಿ ಹಲ್ಲು ನೋಡಿದರೆ ವಯಸ್ಸು ತಿಳಿಯುತ್ತದೆ; ಸರರಿಗೂ ಇದನ್ನು ಒಮ್ಮೆ ಹೇಳಿದ್ದೆ. ಕುರಿಗೆ ಹಲ್ಲು ಕಟ್ಟಿಸಿ ಮಾರಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಡಿಸ್ಕಿಗೆ ಕಟ್ಟಿಸಿದವನು ನಾನೇ ಮೊದಲನೆಯವನು.

ಯಂತ್ರಗಳು ಖಾನಾಪುರಕ್ಕೆ ಹೋದ ಮೂರನೇ ದಿನ ಸರ ಫೋನ್ ಮಾಡಿದರು.

"ನಿಮ್ಮ ಮೂರನೇದವ ಪಂಗತ್ಯಾಗ ಕುಂದರವಲ್ಲನ್ರಿ. ಬಾಕಿ ಇಬ್ಬರು ಇವ ನಮ್ಮವ ಅಲ್ಲ ಅನ್ನಾಕತ್ತಾರ."

"ಮಾರಿ ಒಂದ ಐತಲ್ರಿ ಸರ."

"ಮಾರಿ ನೋಡಿ ಕುಂದರ್ಸೂದಿಲ್ಲ ಅದು, ಹೊಟ್ಟಿ ನೋಡತೈತಿ. ಮೆಮರಿ ಕಡಿಮಿ ಐತಿ, ಬೋರ್ಡ್ ಹಳೇದೈತಿ. ಇರ್ಲಿ, ಅದಕ್ಕ ಹಾದಿ ಐತಿ. ಇವ್ರು ಮೂವರೂ ಸರಿಸಮ ಅಂತ ನಾ ಬರದು ಕೊಟ್ರ ಒಪ್ಕೋತೈತಿ. ಆಮ್ಯಾಲೆ ಮೂವರೂ ಕಡಿಮಿ ಇದ್ದವನ ಚಾಲೀಗೆ ನಡೀತಾರ, ನಡೀಲಿ. ಹಳೇ ಚಿತ್ರಕ್ಕ ಅವಸರ ಏನೈತಿ? ಆದ್ರ ಬರದು ಕೊಡೂಮುಂದ ಒಂದು ಗೊತ್ತಾಗಬೇಕು ನನಗ. ಇದರ ಡಿಸ್ಕ ಎಲ್ಲಿ ದುಡದು ಬಂದಾವು?"

ನಾನು ಒಂದು ಗುಟುಕು ಚಹಾ ಕುಡಿದೆ. "ಪುಣೇದ ಒಂದು ಆಫೀಸಿನ್ಯಾಗ ಸುಮ್ಮ ಕುಂತಿದ್ವು ಸರ. ಬಾಕಿ ಎರಡೂ ಅಲ್ಲಿಂದನ ಬಂದಾವು."

"ಕುರಿ ವಯಸ್ಸು ಕುರಿ ಬಾಯಾಗ ತಿಳೀತೈತಿ ಅಂದಿದ್ರಿ. ಡಿಸ್ಕಿನ ವಯಸ್ಸು ನಿಮ್ಮ ಬಾಯಾಗ ತಿಳೀಬೇಕು ನೋಡ್ರಿ ನನಗ. ಖರೇ ಏನ್ರಿ?"

"ಖರೇ ರೀ."

ಅಷ್ಟೇ. ಫೋನು ಇಟ್ಟರು. ಬರೆದು ಕೊಟ್ಟರು. ಯಂತ್ರ ಕೂತಿತು.

ಆ ಆಸ್ಪತ್ರೆ ಶುರುವಾದ ದಿನ ಪ್ರತಿ ವರ್ಷ ಒಂದು ಊಟ ಹಾಕುತ್ತಾರೆ. ವೈದ್ಯರು, ನರ್ಸುಗಳು, ಕಸ ಗುಡಿಸುವವರು, ಔಷಧಿ ತಂದುಕೊಡುವವರು, ಎಲ್ಲರೂ ನೆಲದ ಮೇಲೆ ಒಂದೇ ಪಂಗತಿ, ಎದುರುಬದುರು ಎರಡು ಸಾಲು. ಎರಡು ವಾರದ ನಂತರ ಆ ಊಟಕ್ಕೆ ಸರ ನನ್ನನ್ನೂ ಕರೆದರು. ಗೋಧಿ ಹುಗ್ಗಿ ಇರುತ್ತದೆ ಎಂದರು, ಹೋದೆ. ಹೊಸ ಗಿರಾಕಿ ಯಾರಾದರೂ ಸಿಗಬಹುದು ಎಂಬ ಆಸೆಯೂ ಇತ್ತು.

ಸಾಲಿನ ಕೊನೆಯಲ್ಲಿ ಅವರು, ಅವರ ಬಾಜೂ ನಾನು. ಎಲ್ಲರಿಗೂ ಪತ್ರಾವಳಿ. ಸರ ಮಾತ್ರ ಚೀಲದಿಂದ ತಮ್ಮ ಸ್ಟೀಲಿನ ತಾಟು ತೆಗೆದರು. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ತೊಳೆದ ನೀರನ್ನೇ ಕುಡಿಯುವ ರೂಢಿ ಅವರದು. ಒಂದು ಅಗುಳೂ ಹಾಳಾಗಬಾರದು. ಎದುರು ಸಾಲಿನಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರ್ ಕೂತಿದ್ದರು. ಹೆಣ್ಣುಮಗಳು, ಖಾನಾಪುರದ ಮಂದಿಗೆಲ್ಲ 'ಡಾಕ್ಟರ್ ಬಾಯಿ'. ಅವರಿಗೆ ಸರ ನನ್ನನ್ನು ತೋರಿಸಿದರು.

"ಬಾಯೀ, ಮಷೀನ್ ಕೊಟ್ಟಾವ್ರು ಇವ್ರ ನೋಡ್ರಿ. ಕೇಳಿದ್ದಕ್ಕ ಸೀದಾ ಉತ್ತರ ಕೊಡ್ತಾರ. ನಾ ಎರಡನೇ ಸಲ ನೋಡಿಲ್ಲ."

"ಹಂಗಾದ್ರ ಕೆಲಸ ಮುಗೀತೇನ್ರಿ ಸರ?" ಎಂದು ಬಾಯಿ ಕೇಳಿದರು.

"ಹಳೇವು ಎಲ್ಲಾ ಚಿತ್ರ ಹೊಸಾ ಪಂಗತಿಗೆ ಹೋಗಿ ಮುಟ್ಟ್ಯಾವು. ನಾಳೆ ಮುಂಜಾನೆ ಚುರುಕಿನ ಮಷೀನಿನ್ಯಾಗಿಂದು ಅಳಿಸಿ ಜಾಗಾ ಮಾಡ್ತೀನಿ."

ನನ್ನ ಕೈ ಹುಗ್ಗಿಯಲ್ಲೇ ನಿಂತಿತು. ನಾಳೆ ಅಳಿಸಿದರೆ ಹಳೆಯ ಚಿತ್ರಗಳು ಇರುವುದು ನಾನು ಕೊಟ್ಟ ಮೂರರಲ್ಲಿ ಮಾತ್ರ. ಮೂರರಲ್ಲಿ ಒಂದು ಕೆಟ್ಟರೆ ಉಳಿದೆರಡು ಸೇರಿ ಅದರ ಪಾಲಿನ ತುಂಡುಗಳನ್ನು ಮತ್ತೆ ಕಟ್ಟಿಕೊಳ್ಳುತ್ತವೆ, ಎರಡು ಕೆಟ್ಟರೆ ಎಲ್ಲಾ ಹೋದವು. ಇದನ್ನು ಸರರೇ ನನಗೆ ವಿವರಿಸಿದ್ದರು. ಒಂದಂತೂ ಬೀಳುವುದು ಖಂಡಿತ ಎಂದು ನನಗೊಬ್ಬನಿಗೆ ಗೊತ್ತಿತ್ತು. ಖಾನಾಪುರ ತಾಲೂಕಿನ ಹತ್ತಾರು ಊರಿನ ಎದೆ, ಬೆನ್ನು, ಮೊಣಕಾಲುಗಳ ಚಿತ್ರ, ಯಾವುದಕ್ಕೂ ಕಾಗದದ ಪ್ರತಿ ಇರಲಿಲ್ಲ.

ನನ್ನ ಊಟ ಮುಗಿಯಿತು. ಎದ್ದು ಕೈ ತೊಳೆದು, ಬೆಳಗಾವಿ ಬಸ್ಸು ಹತ್ತಿಬಿಡಬೇಕು ಎಂದು ಮನಸ್ಸು ಹೇಳುತ್ತಿತ್ತು. ಬಸ್ಸಿನಲ್ಲಿ ಕೂತು ಏನಾದರೂ ವಿಚಾರ ಮಾಡಿದರಾಯಿತು, ಒಂದು ಡಿಸ್ಕು ಬದಲಿಸಿ ಕೊಟ್ಟರಾಯಿತು. ಆದರೆ ಪಂಗತಿ. ಸರರ ತಾಟಿನಲ್ಲಿ ಅನ್ನ ಇನ್ನೂ ಅರ್ಧ ಇತ್ತು. ಒಂದೇ ದವಡೆಯಲ್ಲಿ ನಿಧಾನಕ್ಕೆ ಅಗಿಯುತ್ತಿದ್ದರು. ಇಡೀ ಸಾಲು ಕೈ ಒಣಗಿಸಿಕೊಂಡು ಹರಟುತ್ತಾ ಕೂತಿತ್ತು. ಯಾರೂ ಏಳುವ ಹಾಗಿರಲಿಲ್ಲ, ನಾನೂ.

"ನನ್ನ ಸಲುವಾಗಿ ನಿಮಗ ತ್ರಾಸ" ಎಂದರು ಸರ, ನನ್ನ ಖಾಲಿ ಎಲೆ ನೋಡಿ.

ನಾನು ಬಾಯಿ ಬಿಟ್ಟೆ. ಬೇರೇನೋ ಹೇಳಲು ಹೊರಟಿದ್ದೆ, ತಗ್ಗಿದ ದನಿಯಲ್ಲಿ ಬಂದದ್ದು ಇದು: "ಸರ, ಮೂರನೇದವ ಪುಣೇದವ ಅಲ್ಲ. ಕ್ಯಾಮೆರಾ ರೆಕಾರ್ಡಿಂಗಿನ್ಯಾಗ ಐದು ವರ್ಷ ದುಡದಾನ. ಮೀಟರ್ ನಾನ ಇಳಿಸೀನಿ."

ಅವರ ತುತ್ತು ಬಾಯಲ್ಲೇ ಇತ್ತು. ಅದನ್ನು ಪೂರ್ತಿ ಅಗಿದು ನುಂಗಿದರು.

"ನಿಮಗ ಗೊತ್ತಿತ್ತೇನ್ರಿ ಸರ?" ಎಂದೆ. ಗೊತ್ತಿತ್ತು ಎಂದರೆ ನನ್ನ ತಪ್ಪು ಸ್ವಲ್ಪ ಹಗುರಾಗುತ್ತಿತ್ತು.

"ಇಲ್ಲ. ಗೊತ್ತಿದ್ದಿಲ್ಲ. ಅದಕ್ಕ ನಿಮ್ಮನ್ನ ಕೇಳಿದ್ನಿ."

 

"ನಾಳೇನ ಬಂದು ಮಷೀನ್ ಒಯ್ತೀನಿ ಸರ, ರೊಕ್ಕ ತಿರುಗಿ ಕೊಡ್ತೀನಿ."

"ಒಯ್ದ್ರ ಇಬ್ಬರ ಉಳೀತಾರ. ಇಬ್ಬರದು ಪಂಗತಿ ಆಗಂಗಿಲ್ಲ." ಅವರು ತಾಟಿನ ಅಂಚಿನಲ್ಲಿ ಬೆರಳಿನಿಂದ ನಾಲ್ಕು ಅಗುಳು ಸಾಲಾಗಿ ಇಟ್ಟರು. "ಇನ್ನೊಬ್ಬ ಸಿಗತಾನೇನ್ರಿ? ನಾಲ್ಕನೇದವ. ನಾಲ್ಕ ಮಂದಿ ಕುಂತ್ರ ಇಬ್ಬರು ಬಿದ್ರೂ ನಡಿಯೂಹಂಗ ಹಾಕಬೌದು. ದಣದಾವ್ನ ಎಬ್ಬಿಸೂದು ಬ್ಯಾಡ. ದಣದಾನ ಅಂತ ಬಾಜೂದವ್ರಿಗೆ ಗೊತ್ತಿದ್ರ ಸಾಕು, ಅವ್ರು ಹಿಡಕೋತಾರ. ಗೊತ್ತಿಲ್ಲಂದ್ರನ ತ್ರಾಸು."

ಬಳಿಕ ತಾಟಿಗೆ ನೀರು ಹಾಕಿ, ಆ ನಾಲ್ಕು ಅಗುಳಿನ ಸಮೇತ ಕುಡಿದರು. ಪಂಗತಿ ಎದ್ದಿತು. ಹೋಗುತ್ತಾ ಎದುರಿದ್ದ ಡಾಕ್ಟರ್ ಬಾಯಿಗೆ, "ನಾಳೆ ಅಳಸೂದಿಲ್ಲ, ಇನ್ನೊಂದಿಷ್ಟು ದಿನಾ ತಡೀರಿ" ಎಂದರು. ಯಾಕೆ ಎಂದು ಅವರು ಕೇಳಿದಾಗ, "ನಂದೊಂದು ಲೆಕ್ಕ ತಪ್ಪಿತ್ತು" ಎಂದರು. ನನ್ನ ಹೆಸರು ಹೇಳಲಿಲ್ಲ. ನಾನು ಬಸ್‌ಸ್ಟ್ಯಾಂಡಿನವರೆಗೆ ನಡೆದೆ, ಅರ್ಧ ದಾರಿಯಿಂದ ತಿರುಗಿ ಬಂದು ಬಾಯಿಗೆ ನಾನೇ ಹೇಳಿದೆ. ಅದು ನನ್ನ ದೊಡ್ಡತನವೇನಲ್ಲ. ಸರ ಸುಳ್ಳು ಹೇಳಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು, ಅದು ನನ್ನ ಸಲುವಾಗಿ ಎಂಬುದನ್ನು ತಡೆಯಲಾಗಲಿಲ್ಲ.

"ನಿಮ್ಮಂಥಾವ್ರು ನಮ್ಮ ಕಡೆ ತಡಾ ಮಾಡಿ ಬರ್ತಾರ್ರಿ. ಬ್ಯಾನಿ ಬೆಳೆದ ಮ್ಯಾಲೆ. ನೀವು ಒಂದು ದಿನಾ ಮುಂಚೆ ಬಂದೀರಿ, ಹೋಗ್ರಿ" ಎಂದರು ಬಾಯಿ.

ನಾಲ್ಕನೆಯದನ್ನು ಮಚ್ಛೆಯ ಒಂದು ಕಾರ್ಖಾನೆಯ ಉಗ್ರಾಣದಿಂದ ಹುಡುಕಿ ತಂದೆ. ಅದೂ ಪೂರ್ತಿ ಒಂದೇ ಥರದ್ದಲ್ಲ. ಡಿಸ್ಕು ದೊಡ್ಡವು, ನೆಟ್‌ವರ್ಕ್ ಕಾರ್ಡು ಬೇರೆ. ಈ ಸಲ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಹಣೆಗೆ ಅಂಟಿಸಿ ಒಯ್ದೆ. ಮೊದಲನೇ ಚೀಟಿ ಅದು. ಸರ ಕನ್ನಡಕ ಏರಿಸಿ ಓದಿದರು. "ಅಕ್ಷರ ಚಂದ ಅದಾವು" ಎಂದರು. ಪುಕ್ಕಟೆ ಕೊಡುತ್ತೇನೆ ಎಂದರೆ ಕೇಳಲಿಲ್ಲ. ಆಸ್ಪತ್ರೆ ವ್ಯಾಪಾರಿಯ ಕೈಯಿಂದ ದಾನ ತಗೋಬಾರದಂತೆ. ಹಾಗಾಗಿ ಮಾರುವವನು ಇಳಿಸುತ್ತಾ, ಕೊಳ್ಳುವವರು ಏರಿಸುತ್ತಾ ಅರ್ಧ ತಾಸು ಚೌಕಾಸಿ ಮಾಡಿದೆವು. ನನ್ನ ಜೀವನದಲ್ಲಿ ನಾನು ಸೋತ ಚೌಕಾಸಿ ಅದೊಂದೇ. ಅವರು ಹೇಳಿದ ರೇಟಿಗೇ ಕೊಡಬೇಕಾಯಿತು.

ಯಾವುದು ದಣಿದದ್ದು, ಯಾವುದರ ಮೆಮರಿ ಕಡಿಮೆ, ಯಾವುದರ ಹೊಟ್ಟೆ ದೊಡ್ಡದು ಎಂಬುದನ್ನೆಲ್ಲ ನೋಡಿ ಸರ ನಾಲ್ಕನ್ನೂ ಕೂರಿಸಿದರು. ದೊಡ್ಡ ಡಿಸ್ಕಿನವನ ಹೆಚ್ಚಿನ ಜಾಗ ಖಾಲಿಯೇ ಉಳಿಯಿತು. ಅದು ನನ್ನ ಹೊಟ್ಟೆ ಉರಿಸಿತು.

"ಅಷ್ಟು ಜಾಗಾ ಪೋಲು ಆತಲ್ರಿ ಸರ."

"ಪಂಗತ್ಯಾಗ ಕುಂತ ಮ್ಯಾಲೆ ಎಲ್ಲಾರಿಗೂ ಒಂದ ಅಳತಿ ನೀಡ್ತಾರ. ಹಸಿವಿ ಹೆಚ್ಚೈತಿ ಅಂತ ನೀವು ಬಾಜೂದವನ ಎಲಿಗೆ ಕೈ ಹಾಕ್ತೀರೇನು?"

ಹಳೆಯ ಚಿತ್ರಗಳನ್ನು ಚುರುಕಿನವುಗಳಿಂದ ಅಳಿಸಿದ ದಿನ ನಾನು ಅಲ್ಲೇ ಇದ್ದೆ. ಗುಂಡಿ ಒತ್ತುವ ಮುಂಚೆ ಅವರು ನನ್ನ ಕಡೆ ತಿರುಗಿ, "ಇನ್ನೇನರ ಐತೇನ್ರಿ?" ಎಂದರು. "ಇಲ್ರಿ ಸರ." "ಖರೇ ಏನ್ರಿ?" "ಖರೇ ರೀ." ಒತ್ತಿದರು. ಒಂದು ಸಲ ಸುಳ್ಳು ಹೇಳಿದವನನ್ನೂ ಅವರು ಒಂದೇ ಸಲ ಕೇಳಿದರು. ಇದನ್ನು ನಾನು ಈಗಲೂ ಅಂಗಡಿಯಲ್ಲಿ ಕೂತು ಆಗಾಗ ನೆನೆಯುತ್ತೇನೆ. ನನಗೆ ಆಗದು. ನನಗೆ ಸುಳ್ಳು ಹೇಳಿದವನನ್ನು ನಾನು ಏಳು ಸಲ ಕೇಳುತ್ತೇನೆ, ಎಂಟನೆಯದಕ್ಕೆ ಬರೆಸಿಕೊಳ್ಳುತ್ತೇನೆ.

ಮುಂದಿನ ಮಳೆಗಾಲದಲ್ಲಿ ಸರರ ಫೋನು ಬಂತು. "ನಿಮ್ಮ ಕ್ಯಾಮೆರಾದವ ಮಲಗಿದ. ಒಂದ ವಾರದಾಗ ಡಿಸ್ಕ ಒಂದಾದ ಮ್ಯಾಲೆ ಒಂದು ಹೋದ್ವು." ನಾನು ಸ್ಟೂಲಿನಿಂದ ಎದ್ದು ನಿಂತೆ. "ಅದನ್ನ ಸುಧಾರಿಸೂದ್ರಾಗ ಇವತ್ತು ಎರಡನೇದವನ ಪವರ್ ಸಪ್ಲೈ ಸುಟ್ಟೈತಿ. ಒಂದು ಇದ್ರ ತಗೊಂಡು ಬರ್ರಿ."

"ಚಿತ್ರ ಎಲ್ಲಾ?"

"ಪಂಗತಿ ಕುಂತೈತ್ರಿ. ಗಾಬರಿ ಆಗಬ್ಯಾಡ್ರಿ, ಬರ್ರಿ."

ಹೋದಾಗ ಡಾಕ್ಟರ್ ಬಾಯಿಯ ಕೋಣೆಯಲ್ಲಿ ಬೀಡಿಯ ಕಡೆಯಿಂದ ಬಂದ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ಕೆಮ್ಮು. ಎದೆಯ ಚಿತ್ರದಲ್ಲಿ ಒಂದು ಕಲೆ ಕಂಡಿದೆ. ಹೊಸ ಕಲೆಯಾದರೆ ಬೆಳಗಾವಿಗೆ ಕಳಿಸಿ, ಎದೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕು. ಹಳೆಯದಾದರೆ ಭಯವಿಲ್ಲ. ಅವಳು ಕೆಲವು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಚಿತ್ರ ತೆಗೆಸಿದ್ದಳಂತೆ. ಬಾಯಿ ಕೇಳಿದರು, ಸರ ಒಳಗಿನಿಂದ "ತಗೀರಿ, ಸ್ವಲ್ಪ ಹೊತ್ತು ಹಿಡೀತೈತಿ" ಎಂದರು. ನಾಲ್ವರಲ್ಲಿ ಇಬ್ಬರೇ ಎಚ್ಚರವಿದ್ದ ಸಾಲು. ಪರದೆಯ ಮೇಲೆ ಚಿತ್ರ ನಿಧಾನವಾಗಿ, ಮೇಲಿನಿಂದ ಕೆಳಗೆ ಇಳಿಯಿತು. ಭುಜ ಬಂತು, ಪಕ್ಕೆಲುಬು ಬಂದವು, ಆಮೇಲೆ ಅದೇ ಕಲೆ. ಬಾಯಿ ಎರಡನ್ನೂ ಬಾಜೂ ಬಾಜೂ ಇಟ್ಟು ಅಳೆದರು.

"ಆವತ್ತು ಎಷ್ಟಿತ್ತೋ ಇವತ್ತೂ ಅಷ್ಟ ಐತಬೇ. ಹಳೇ ಗಾಯದ ಗುರ್ತು. ಔಷಧಿ ತಗೊಂಡು ಮನಿಗೆ ಹೋಗು."

ಆ ಹೆಂಗಸು ಪರದೆಯ ಹತ್ತಿರ ಬಂದು ನೋಡಿದಳು. "ನನ್ನ ಲಗ್ನದ ಫೋಟೋ ನನ್ನ ಕಡೇನ ಇಲ್ಲ. ಎದೀ ಫೋಟೋ ನೀವು ಇಷ್ಟು ದಿನಾ ಜ್ವಾಕಿ ಮಾಡೀರೇನ್ರಿ?"

"ನಾನಲ್ಲ, ಒಳಗ ಒಬ್ರು ಅದಾರ" ಎಂದರು ಬಾಯಿ.

ಒಳಗೆ ಹೋದೆ. ಸರ ಮಲಗಿದ ಯಂತ್ರದ ಬೆನ್ನಿಗೆ ಕೈಯ ಹಿಂಬದಿ ತಾಗಿಸಿ ನಿಂತಿದ್ದರು. ಅದು ಆರಿ ಹೋಗಿತ್ತು, ಆದರೂ. ನಾನು ಬ್ಯಾಗು ಇಳಿಸಿ ಪವರ್ ಸಪ್ಲೈ ತೆಗೆದೆ. ಆ ನಾಲ್ಕನೆಯದು ಇಲ್ಲದಿದ್ದರೆ ಇವತ್ತು ಆ ಹೆಂಗಸಿನ ಎದೆಗೆ ಸೂಜಿ ಬೀಳುತ್ತಿತ್ತು. "ನಿಮ್ಮ ಚೀಟಿ ಮ್ಯಾಲೆ ಬರದಿದ್ರಿ, 'ಪವರ್ ಸಪ್ಲೈ ಹೊಸದು' ಅಂತ. ಅದು ನಡ್ಯಾಕತ್ತೈತಿ ನೋಡ್ರಿ" ಎಂದು ಸರ ನಾಲ್ಕನೆಯದನ್ನು ತೋರಿಸಿದರು. ಹೊಗಳಿಕೆ ಎಂದು ನಾನು ತಿಳಿದುಕೊಂಡೆ.

ಅದಾಗಿ ಕೆಲವು ವರ್ಷ ಅವರು ಹಾಗೇ ಬಂದು ಹೋಗುತ್ತಿದ್ದರು. ದಣಿದ ಯಂತ್ರದ ಡಿಸ್ಕುಗಳನ್ನು ಒಂದೊಂದಾಗಿ ಬದಲಿಸಿದೆವು. ಪೆಟ್ಟಿಗೆ ಅದೇ, ಜಾಳಿಗೆಯೂ ನಾನು ಹಾಕಿದ್ದೇ. ಅದನ್ನು ಕಿತ್ತು ಅದರದೇ ಜಾಳಿಗೆ ಹಾಕುತ್ತೇನೆ ಎಂದರೆ, "ಇರ್ಲಿ ಬಿಡ್ರಿ, ಈಗ ಎಲ್ಲಾರ್ಗೂ ಗೊತ್ತೈತಿ" ಎನ್ನುತ್ತಿದ್ದರು. ಹೋದ ವರ್ಷ ಮಾತು ಕಡಿಮೆಯಾಯಿತು, ನಡಿಗೆ ಇನ್ನೂ ನಿಧಾನವಾಯಿತು. ಒಂದು ಮಧ್ಯಾಹ್ನ ಮನೆಯಲ್ಲೇ, ಊಟ ಮಾಡಿ ಮಲಗಿದವರು ಏಳಲಿಲ್ಲ.

ಈ ವರ್ಷ ಆಸ್ಪತ್ರೆಯ ಊಟಕ್ಕೆ ಬಾಯಿ ನನ್ನನ್ನು ಮರೆಯದೆ ಕರೆದರು. ಅದೇ ಸಾಲು, ಅದೇ ಹುಗ್ಗಿ. ನಾನು ಕೊನೆಯಲ್ಲಿ ಕೂತೆ. ಎದುರಿಗೆ ಬಾಯಿ. ಈಗಿನ ಹುಡುಗಿಯರು, ನರ್ಸುಗಳು, ಗಡಗಡ ಉಣ್ಣುತ್ತಾರೆ. ವಾರ್ಡಿನಲ್ಲಿ ಕೆಲಸ ಇರುತ್ತದೆ. ನೋಡುನೋಡುತ್ತಲೇ ಎಲ್ಲರ ಎಲೆಯೂ ಖಾಲಿ. ಇಷ್ಟು ಬೇಗ ಆ ಪಂಗತಿ ಮುಗಿದದ್ದನ್ನು ನಾನು ಕಂಡಿರಲಿಲ್ಲ. ಎಲ್ಲರೂ ಸಾಲಿನ ಕೊನೆಗೆ ನೋಡಿದರು, ರೂಢಿಯಿಂದ. ಅಲ್ಲಿ ಈಗ ನಾನಿದ್ದೆ.

"ನಿಮ್ಮದು ಮುಗೀತೇನ್ರಿ? ಏಳೂಣೇನು?" ಎಂದು ಬಾಯಿ ಕೇಳಿದರು.

ಇನ್ನೊಂದು ತುತ್ತು ಇದೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಮುಗದು ಭಾಳ ಹೊತ್ತಾತ್ರಿ. ಸುಮ್ಮ ಕುಂತೀನಿ."

ಬಾಯಿ ನನ್ನ ಎಲೆ ನೋಡಿದರು, ನನ್ನ ಬಾಜೂ ಇದ್ದ ಗೋಡೆಯನ್ನು ನೋಡಿದರು. ಆಮೇಲೆ ಏಳಲು ಊರಿದ್ದ ಕೈಯನ್ನು ಹಿಂದೆ ತಗೊಂಡು, ನೀಡುವವರ ಕಡೆ ತಿರುಗಿದರು.

"ನನಗ ಸ್ವಲ್ಪ ಅನ್ನ ನೀಡ್ರಿ."